ಚಿಗುರಿನ ಠೇವಣಿ

ವಿಜ್ಞಾನ ಓದುವ ಹುಡುಗರಿಗೆ ಕನ್ನಡ ಪಾಠ ಹೇಳುವವನ ಪಾಡನ್ನು ಬಲ್ಲವರೇ ಬಲ್ಲರು. ಪ್ರಯೋಗಶಾಲೆಯಿಂದ ಓಡಿಬಂದು, ಕೈಗಂಟಿದ ಆಮ್ಲದ ವಾಸನೆಯೊಡನೆಯೇ ಹಿಂದಿನ ಬೆಂಚಿನಲ್ಲಿ ಕುಳಿತು, ಪಂಪನನ್ನೋ ರಾಘವಾಂಕನನ್ನೋ ಒಂದು ಗಂಟೆಯ ಮಟ್ಟಿಗೆ ಸಹಿಸಿಕೊಂಡು ಹೋಗುವವರು ಅವರು. ಅಂಥವರಲ್ಲೊಬ್ಬ ಹನ್ನೆರಡು ವರ್ಷಗಳ ಮೇಲೆ ದಾವಣಗೆರೆಯ ನಮ್ಮ ಮನೆಯನ್ನು ಹುಡುಕಿಕೊಂಡು ಬಂದನೆಂದರೆ ಮೇಷ್ಟರ ಸಂತೋಷಕ್ಕೆ ಬೇರೆ ಕಾರಣ ಬೇಕಿಲ್ಲ. ಕಳೆದ ಬೇಸಗೆಯಲ್ಲಿ ಹೀಗೆ ಬಂದವನು ಈಗ ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿದ್ದಾನೆ. "ಏನು ಕೆಲಸವಪ್ಪಾ?" ಎಂದು ಕೇಳಿದೆ.

"ಮರಗಳನ್ನ ಚಳಿಗೆ ಹಾಕಿ ಮಲಗಿಸೋದು, ಸಾರ್" ಎಂದ.

ಮಂಡಕ್ಕಿಯ ತಟ್ಟೆ ಹಿಡಿದು ಬಂದ ನನ್ನ ಹೆಂಡತಿ ನಕ್ಕಳು. ಹುಡುಗ ನಗಲಿಲ್ಲ. ಅವನು ವಿವರಿಸುತ್ತ ಹೋದಂತೆ ನನಗೂ ನಗು ಬರಲಿಲ್ಲ. ಅದಕ್ಕೆ ನನ್ನದೇ ಆದ ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಅವನು ಹೇಳಿದ್ದನ್ನು ನನಗೆ ತಿಳಿದಷ್ಟರಮಟ್ಟಿಗೆ ಓದುಗರ ಮುಂದಿಡುವುದು ವಾಸಿ.

ಮಲಗಿಸುವುದು ಇಡೀ ಮರವನ್ನಲ್ಲ. ಒಂದು ಕುಡಿಯ ತುದಿ, ಇಲ್ಲವೆ ಚಳಿಗಾಲಕ್ಕೆಂದು ಕಣ್ಣು ಮುಚ್ಚಿದ ಮೊಗ್ಗು, ಇಲ್ಲವೆ ಬೀಜದೊಳಗೆ ಮೊಳಕೆಯಾಗಲಿರುವ ಪುಟ್ಟ ಭಾಗ. ಸಾಸಿವೆ ಕಾಳಿನಷ್ಟೋ ಗೋಧಿಯಷ್ಟೋ ಇರುವ ಈ ತುಣುಕನ್ನು ದ್ರವರೂಪದ ಸಾರಜನಕದಲ್ಲಿ ಮುಳುಗಿಸಿ ಇಡುತ್ತಾರೆ. ಅದರ ಶೀತ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹಾಗೆಂದು ಸುಮ್ಮನೆ ಮುಳುಗಿಸಿದರೆ ಕೆಲಸ ಕೆಟ್ಟಿತು. ಜೀವಕೋಶದೊಳಗಿನ ನೀರು ಮಂಜುಗಡ್ಡೆಯಾಗುವಾಗ ಹಿಗ್ಗುತ್ತದೆ. ಹರಳುಗಳ ಮೊನೆ ಕೋಶದ ಪೊರೆಯನ್ನು ಒಳಗಿನಿಂದಲೇ ಹರಿದುಹಾಕುತ್ತದೆ. ಮಂಜಿನ ಪೆಟ್ಟಿಗೆಯಲ್ಲಿ ಮರೆತ ಸೌತೆಕಾಯಿ ಹೊರತೆಗೆದೊಡನೆ ಲೊಳಕ್ಕೆಂದು ಕುಸಿಯುವುದನ್ನು ಕಂಡ ಗೃಹಿಣಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆದ್ದರಿಂದ ಮೊದಲು ಕುಡಿಯೊಳಗಿನ ನೀರನ್ನು ಆದಷ್ಟು ಹೊರಗೆಳೆದು, ಸಕ್ಕರೆ, ಗ್ಲಿಸರಿನ್ ಮೊದಲಾದವುಗಳ ಮಂದವಾದ ಪಾಕದಲ್ಲಿ ಅದ್ದಿ, ಆಮೇಲೆ ಥಟ್ಟನೆ ತಣಿಸುತ್ತಾರೆ. ಉಳಿದಷ್ಟು ನೀರು ಹರಳಾಗಲು ಪುರಸೊತ್ತಿಲ್ಲದೆ ಗಾಜಿನಂತೆ ಗಟ್ಟಿಯಾಗಿಬಿಡುತ್ತದೆ. ಪೊರೆಗೆ ಗಾಯವಿಲ್ಲ. ಮತ್ತೆ ಬೇಕೆಂದಾಗ ಬೆಚ್ಚಗೆ ಮಾಡಿ, ಪಾಕವನ್ನು ತೊಳೆದು, ಆಹಾರವಿಟ್ಟರೆ ಕುಡಿ ಹಸಿರಾಗುತ್ತದೆ. ಜಪಾನಿನ ಸಪ್ಪೊರೊ ನಗರದಲ್ಲಿ, ಹೊಕ್ಕೈಡೊ ವಿಶ್ವವಿದ್ಯಾನಿಲಯದ ಅಕಿರ ಸಕಾಯ್ ಎಂಬ ವಿಜ್ಞಾನಿ, ಚಳಿನಾಡಿನ ಮರಗಳ ರೆಂಬೆಗಳು ಇಂಥ ಶೀತವನ್ನು ದಾಟಿ ಬದುಕುತ್ತವೆಂದು 1960ರಲ್ಲಿಯೇ 'ನೇಚರ್' ಪತ್ರಿಕೆಯಲ್ಲಿ ಬರೆದರಂತೆ. ಗಾಜಾಗಿಸುವ ಪಾಕವನ್ನು 1990ರಲ್ಲಿ ಹದಗೊಳಿಸಿ, ಕಿತ್ತಳೆಯ ಜಾತಿಯ ಗಿಡದ ಕೋಶಗಳ ಮೇಲೆ ಗೆದ್ದವರೂ ಅವರೇ. ಪಾಕದ ಮಾತು ಕೇಳಿ ನನಗೆ ಅಜ್ಜಿಯ ಮಾವಿನಕಾಯಿ ಗುಳಂಬದ ಜಾಡಿ ನೆನಪಾಯಿತು. ಕೆಡದಂತೆ ಇಡಬೇಕಾದರೆ ನೀರನ್ನು ಕಳೆದು ಸಕ್ಕರೆಯನ್ನು ತುಂಬಬೇಕೆಂಬುದು ಅವಳಿಗೂ ಗೊತ್ತಿತ್ತು.

"ಇಷ್ಟೆಲ್ಲ ಏಕೆ? ಬೀಜವನ್ನು ಒಣಗಿಸಿ ಇಟ್ಟರಾಗದೆ?" ಎಂದು ಕೇಳಿದೆ. ಭತ್ತ, ಜೋಳ, ರಾಗಿಗಳಿಗೆ ಅಷ್ಟು ಸಾಕು. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪದಲ್ಲಿ 2008ರಲ್ಲಿ ತೆರೆದ ಬೀಜದ ಕಣಜದಲ್ಲಿ ಲೋಕದ ಬೆಳೆಗಳ ಬೀಜಗಳು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಮಲಗಿವೆ. ಮಾವು, ಹಲಸು, ಚಹಾ, ಕೋಕೊಗಳ ಬೀಜ ಹಾಗಲ್ಲ. ಒಣಗಿಸಿದರೆ ಸಾಯುತ್ತವೆ, ಒಣಗಿಸದೆ ಹೆಪ್ಪುಗಟ್ಟಿಸಿದರೂ ಸಾಯುತ್ತವೆ. ರಾಬರ್ಟ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು 1973ರಲ್ಲಿ ಬೀಜಗಳನ್ನು ಎರಡು ಪಂಗಡ ಮಾಡಿ ಹೆಸರಿಟ್ಟರು. ಆ ಹೆಸರುಗಳನ್ನು ಕನ್ನಡಕ್ಕೆ ತರಬೇಕೆಂದರೆ ಒಂದನ್ನು ಮಡಿವಂತ ಬೀಜವೆಂದೂ ಇನ್ನೊಂದನ್ನು ಮೊಂಡು ಬೀಜವೆಂದೂ ಕರೆಯಬೇಕು. ನಮ್ಮ ಹಿತ್ತಲಿನ ಪ್ರೀತಿಯ ಮರಗಳೆಲ್ಲ ಮೊಂಡರ ಗುಂಪಿಗೆ ಸೇರಿದವು ಎಂಬುದನ್ನು ಕೇಳಿ ನನಗೇಕೋ ಸ್ವಲ್ಪ ಹೆಮ್ಮೆಯಾಯಿತು.

ಮಾವಿನದು ಇನ್ನೂ ಒಂದು ತಕರಾರಿದೆ. ನಮ್ಮ ಕಡೆಯ ಮಾವುಗಳಲ್ಲಿ ಬಹುಪಾಲು ತಾಯಿಯಂತೆ ಮಗುವನ್ನು ಹೆರುವುದಿಲ್ಲ. ಒಳ್ಳೆಯ ಹಣ್ಣಿನ ಗೊರಟೆ ನೆಟ್ಟರೆ ಬರುವುದು ಬೇರೆಯೇ ಒಂದು ಮರ. ಅದೇ ಮರ ಬೇಕಾದರೆ ಅದರ ಮೈಯ ಒಂದು ತುಂಡೇ ಬೇಕು. ಕಸಿಯ ಗುಟ್ಟೂ ಇದೇ, ಈ ಹುಡುಗನ ವಿದ್ಯೆಯ ಗುಟ್ಟೂ ಇದೇ. ಗಡಿಯಾಚೆ ಹೊಸೂರಿನಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ತಳಿಸಂಗ್ರಹದ ಹಿಪ್ಪುನೇರಳೆಯ ಮೊಗ್ಗುಗಳು ದೆಹಲಿಯ ರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಸಂಸ್ಥೆಯ ಸಾರಜನಕದ ಪಾತ್ರೆಗಳಲ್ಲಿ ಮಲಗಿವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಹಣ್ಣಿನ ಮರಗಳ ಪರಾಗವನ್ನು ಹೀಗೆಯೇ ಕಾಪಿಟ್ಟಿದ್ದಾರೆ. ಚಹಾ, ಕೋಕೊ, ಹಲಸುಗಳ ಮೊಂಡುತನದ ಮೇಲೆ ದೆಹಲಿಯವರು 1995ರಲ್ಲಿಯೇ ಪ್ರಬಂಧ ಬರೆದಿದ್ದಾರೆ. ಮಾವು ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲವಂತೆ. ಚಳಿಯ ನಾಡಿನ ಮರಗಳು ವರ್ಷಕ್ಕೊಮ್ಮೆ ಸಾವಿನ ಅಭ್ಯಾಸ ಮಾಡಿಕೊಂಡಿರುತ್ತವೆ. ನಮ್ಮ ಮರಗಳಿಗೆ ಆ ಪಾಠ ಆಗಿಲ್ಲ.

"ಎಷ್ಟು ಕಾಲ ಇಡಬಹುದು?" ಎಂದೆ.

"ಲೆಕ್ಕಕ್ಕೆ ಕೊನೆಯೇ ಇಲ್ಲ ಸಾರ್. ಅಷ್ಟು ಚಳೀಲಿ ಏನೂ ನಡೆಯೋದೇ ಇಲ್ಲ."

ಈ ಮಾತು ಕಿವಿಗೆ ಬಿದ್ದಾಗ ನನ್ನ ಮನಸ್ಸಿನಲ್ಲಿ ಎದ್ದದ್ದು ಆಶ್ಚರ್ಯವಲ್ಲ, ಆಸೆ. ಇನ್ನು ನನ್ನ ಕಾರಣವನ್ನು ಹೇಳಬೇಕು.

ಹರಿಹರದಲ್ಲಿ ನಮ್ಮದೊಂದು ಮನೆಯಿತ್ತು. ಹರಿಹರೇಶ್ವರನ ಗುಡಿಗೂ ಹೊಳೆಗೂ ಕೂಗಳತೆಯ ದೂರ. ಹಿತ್ತಲಿನಲ್ಲಿ ಒಂದು ಮಾವಿನ ಮರ. ಅದನ್ನು ಯಾರೂ ನೆಟ್ಟದ್ದಲ್ಲ. ಯಾರೋ ತಿಂದೆಸೆದ ಗೊರಟೆ ಮುಸುರೆ ನೀರಿನಲ್ಲಿ ಮೊಳೆತು ಮರವಾಯಿತೆಂದು ಅಜ್ಜಿ ಹೇಳುತ್ತಿದ್ದಳು. ಹಣ್ಣೇನೂ ಲಕ್ಷಣದ್ದಲ್ಲ. ಸಣ್ಣದು, ನಾರು ಹೆಚ್ಚು, ತೊಟ್ಟಿನ ಬಳಿ ಕಡೆಯವರೆಗೂ ಹುಳಿ ಬಿಡುತ್ತಿರಲಿಲ್ಲ. ಆದರೆ ಹಣ್ಣು ಹೆಚ್ಚಿದೊಡನೆ ಪಕ್ಕದಲ್ಲಿ ಯಾರೋ ಮಂಗಳಾರತಿ ಎತ್ತಿದ ಹಾಗೆ ಒಂದು ವಾಸನೆ ಬರುತ್ತಿತ್ತು. ಮನೆಯವರೆಲ್ಲ ಅದನ್ನು ಕರ್ಪೂರದ ಮರವೆಂದೇ ಕರೆಯುತ್ತಿದ್ದರು. ಸಂತೆಯಲ್ಲಿ ಅದಕ್ಕೆ ಹೆಸರೂ ಇರಲಿಲ್ಲ, ಬೆಲೆಯೂ ಇರಲಿಲ್ಲ. ಆ ವಾಸನೆಯ ಹಣ್ಣನ್ನು ನಾನು ಬೇರೆ ಎಲ್ಲಿಯೂ ತಿಂದಿಲ್ಲ.

ಅಪ್ಪ ತೀರಿಕೊಂಡ ಮೇಲೆ, 2014ರಲ್ಲಿ, ಆ ಮನೆಯನ್ನು ಮಾರಿದೆವು. ಅಣ್ಣತಮ್ಮಂದಿರು ಮೂವರು, ಮನೆ ಒಂದು, ಬೇರೆ ದಾರಿಯಿರಲಿಲ್ಲ ಎಂದು ಎಲ್ಲರೂ ಹೇಳುವಂತೆ ನಾವೂ ಹೇಳಿಕೊಂಡೆವು. ಕೊಂಡವರು ಮರವನ್ನು ಕಡಿಯುತ್ತಾರೆಂಬುದು ಗೊತ್ತಿತ್ತು. ಅವರದನ್ನು ಮುಚ್ಚಿಡಲಿಲ್ಲ, ಹಿತ್ತಲಿಗೂ ಸೇರಿಸಿ ಕಟ್ಟುವ ಉದ್ದೇಶದಿಂದಲೇ ಒಳ್ಳೆಯ ಬೆಲೆ ಕೊಟ್ಟಿದ್ದರು. ಕ್ರಯಪತ್ರಕ್ಕೆ ನಾನೂ ಸಹಿ ಹಾಕಿದೆ. ನನ್ನ ಪಾಲಿಗೆ ಬಂದ ಹಣದಲ್ಲಿ ದಾವಣಗೆರೆಯಲ್ಲಿ ಒಂದು ನಿವೇಶನ ಕೊಂಡೆ. ಅದರ ಮೇಲೆ ಕಟ್ಟಿದ ಮನೆಯಲ್ಲಿಯೇ ಕುಳಿತು ಇದನ್ನು ಬರೆಯುತ್ತಿದ್ದೇನೆ.

"ಮರಾನ ಉಳಿಸಾಕಾಗಲ್ಲ ಅಂದ್ರ ಅದರ ಕುಡೀನಾದ್ರೂ ಉಳಿಸೋ" ಎಂದು ಅಮ್ಮ ಹೇಳಿದಳು. ಕೊಂಡಜ್ಜಿಯ ಕಡೆಯ ಒಬ್ಬ ತೋಟದಾಳನ್ನು ಕರೆದುಕೊಂಡು ಹೋದೆ. ಅವನು ನಾಲ್ಕು ಕುಡಿ ಕೊಯ್ದು, ನಾಲ್ಕು ನಾಟಿ ಸಸಿಗಳಿಗೆ ಕಟ್ಟಿಕೊಟ್ಟ. ಮೂರು ಒಣಗಿದವು, ಒಂದು ಹಿಡಿಯಿತು. ಆಗ ನಾವಿದ್ದದ್ದು ಬಾಡಿಗೆ ಮನೆ. ಕುಂಡವನ್ನು ಮಾಳಿಗೆಯ ಮೇಲಿಟ್ಟೆ. ಮಾರನೆಯ ಬೇಸಗೆಯಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಹೋದವನು ಹನ್ನೊಂದು ದಿನ ಬಿಟ್ಟು ಬಂದೆ. ಹೆಂಡತಿ ಮಕ್ಕಳು ತವರಿಗೆ ಹೋಗಿದ್ದರು. ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳಬೇಕೆಂದುಕೊಂಡಿದ್ದೆ; ಬಸ್ಸಿನ ಗಡಿಬಿಡಿಯಲ್ಲಿ ಮರೆತೆ. ದಾವಣಗೆರೆಯ ಏಪ್ರಿಲ್ ಬಿಸಿಲು ಎಂಥದೆಂದು ಈ ಊರಿನವರಿಗೆ ಹೇಳಬೇಕಿಲ್ಲ. ಬಂದು ನೋಡಿದರೆ ಎಲೆಗಳು ತಾಮ್ರದ ಬಣ್ಣ. ಮಾವಿನ ಎಳೆಯ ಚಿಗುರೂ ತಾಮ್ರದ ಬಣ್ಣವೇ ಅಲ್ಲವೆ? ಒಂದು ಕ್ಷಣ ಹೊಸ ಚಿಗುರು ಬಂದಿದೆಯೆಂದೇ ಹಿಗ್ಗಿದೆ. ಮುಟ್ಟಿದಾಗ ಪುಡಿಯಾಯಿತು.

ಅಮ್ಮನಿಗೆ "ಕಸಿ ಹಿಡೀಲಿಲ್ಲವ್ವ" ಎಂದು ಹೇಳಿದೆ. ಮೂರು ಹಿಡಿದಿರಲಿಲ್ಲವಾದ್ದರಿಂದ ಅದು ಪೂರ್ತಿ ಸುಳ್ಳೂ ಅಲ್ಲವೆಂದು ಸಮಾಧಾನ ಮಾಡಿಕೊಂಡೆ. ಅವಳು ನಂಬಿದಳು. 2019ರಲ್ಲಿ ಹೋದಳು.

ಈಗ ಓದುಗರಿಗೆ ನನ್ನ ಆಸೆಯ ಬಗೆ ತಿಳಿದೀತು. ಆ ನಾಲ್ಕು ಕುಡಿಗಳಲ್ಲಿ ಒಂದನ್ನು ಇಂಥ ಪಾತ್ರೆಯೊಂದಕ್ಕೆ ಹಾಕಿಟ್ಟಿದ್ದರೆ? ಮರ ಕಡಿದದ್ದೂ ಕಡಿದಂತಾಗುತ್ತಿರಲಿಲ್ಲ, ಕುಂಡ ಒಣಗಿದ್ದೂ ಒಣಗಿದಂತಾಗುತ್ತಿರಲಿಲ್ಲ. ನಾನು ನಿರಪರಾಧಿ. ಹುಡುಗ ಮಂಡಕ್ಕಿ ತಿಂದು, ಕಾಲಿಗೆರಗಿ, ಬೆಂಗಳೂರಿನ ರೈಲು ಹಿಡಿದು ಹೊರಟುಹೋದ. ನಾನು ಮಾತ್ರ ಬಹಳ ದಿನ ಆ ಪಾತ್ರೆಯ ಸುತ್ತಲೇ ಸುತ್ತುತ್ತಿದ್ದೆ. ಅದರಲ್ಲಿರುವುದು ನಿಜವಾಗಿಯೂ ಮರವೆ? ಅದು ಅಲ್ಲಿದ್ದರೆ ನನ್ನ ಸಹಿ ಅಳಿಸಿಹೋಗುತ್ತಿತ್ತೆ?

ಮೊದಲನೆಯ ಪ್ರಶ್ನೆಗೆ ನಮ್ಮ ಹಿರಿಯರು ಒಂದು ದಾರಿ ತೋರಿಸಿದ್ದಾರೆ. ಛಾಂದೋಗ್ಯೋಪನಿಷತ್ತಿನ ಉದ್ದಾಲಕ ಮಗನಿಂದ ಆಲದ ಹಣ್ಣನ್ನು ಒಡೆಸುತ್ತಾನೆ, ಒಳಗಿನ ಬೀಜವನ್ನು ಒಡೆಸುತ್ತಾನೆ. ಮಗನಿಗೆ ಏನೂ ಕಾಣಿಸುವುದಿಲ್ಲ. ಆ ಕಾಣದುದರಿಂದಲೇ ಮಹಾವೃಕ್ಷ ನಿಂತಿದೆಯೆಂದು ತಂದೆಯ ಬೋಧೆ. ಸಾಸಿವೆಯಷ್ಟು ಕುಡಿಯಲ್ಲಿ ಕರ್ಪೂರದ ವಾಸನೆ ಎಲ್ಲಿದೆಯೆಂದು ಕೇಳಿದರೆ ನನ್ನ ಶಿಷ್ಯನೂ ತೋರಿಸಲಾರ. ಆದರೆ ಇದೆಯೆಂದು ಪ್ರಮಾಣ ಮಾಡಬಲ್ಲ. ಒಪ್ಪಿದೆ. ಆದರೂ ಉದ್ದಾಲಕನ ಬೀಜಕ್ಕೂ ಈ ಕುಡಿಗೂ ಒಂದು ವ್ಯತ್ಯಾಸವಿದೆ. ಬೀಜ ಕಾಯುತ್ತದೆ, ಕಾಯುತ್ತ ಕಾಯುತ್ತ ಮುಪ್ಪಾಗುತ್ತದೆ, ಕೊನೆಗೆ ಮೊಳೆಯದೆ ಹೋಗಲೂಬಹುದು. ಸಾರಜನಕದೊಳಗಿನ ಕುಡಿ ಕಾಯುವುದೂ ಇಲ್ಲ. ಉಸಿರಾಟವಿಲ್ಲ, ಬೆಳವಣಿಗೆಯಿಲ್ಲ, ಮುಪ್ಪಿಲ್ಲ. ಸಾಯುವುದಕ್ಕೂ ಸ್ವಲ್ಪ ಹೊತ್ತು ಬೇಕು. ಅದಕ್ಕೆ ಹೊತ್ತೇ ಇಲ್ಲ. ನಾನು ಬಲ್ಲ ಮರವಾದರೋ ಹೊತ್ತಿನಿಂದಲೇ ಆದದ್ದು. ಉಯ್ಯಾಲೆಯ ಹಗ್ಗ ತೇದು ಗೆರೆ ಬಿದ್ದ ಕೊಂಬೆ, ಮೊಳೆ ಹೊಡೆದು ಅಪ್ಪ ಬಟ್ಟೆಯ ತಂತಿ ಕಟ್ಟಿದ್ದ ಜಾಗದಲ್ಲಿ ಉಬ್ಬಿದ ಗಂಟು, ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುವ ಅದರ ಹಟ. ಇವುಗಳಲ್ಲಿ ಯಾವುದೂ ಕುಡಿಯಲ್ಲಿಲ್ಲ.

ಹಾಗಾದರೆ ಕುಡಿಯಲ್ಲಿರುವುದು ಏನೂ ಅಲ್ಲವೆ? ಹಾಗೆನ್ನಲು ಕನ್ನಡದ ಮೇಷ್ಟರಿಗೆ ಬಾಯಿ ಬಾರದು. ಒಂದನೆಯ ಗುಣವರ್ಮ 'ಶೂದ್ರಕ'ವನ್ನೂ 'ಹರಿವಂಶ'ವನ್ನೂ ಬರೆದನೆಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಆ ಗ್ರಂಥಗಳು ಸಿಕ್ಕಿಲ್ಲವೆಂದೂ ಹೇಳುತ್ತೇನೆ. ಬೇರೆಯವರು ಉದಾಹರಣೆಗೆಂದು ಎತ್ತಿಕೊಂಡ ಕೆಲವು ಪದ್ಯಗಳು ಉಳಿದಿವೆ, ಅಷ್ಟೆ. ಯಾರ ಮನೆಯ ಅಟ್ಟದಲ್ಲಾದರೂ ಒಂದು ಓಲೆಗರಿಯ ಕಟ್ಟು ಉಳಿದಿದ್ದರೆ! ಕಟ್ಟಿನೊಳಗೆ ಮುದುಡಿ ಕುಳಿತ ಓಲೆ ಕಾವ್ಯವಲ್ಲ ನಿಜ. ಅದನ್ನು ಬಿಚ್ಚಿ ಒಬ್ಬ ಓದಬೇಕು, ಒಬ್ಬ ಕೇಳಬೇಕು. ಆದರೆ ಕಟ್ಟೇ ಇಲ್ಲವಾದರೆ ಓದುವವನು ಏನನ್ನು ಓದಬೇಕು? ಕಾಪಿಡುವವರ ಕೆಲಸವನ್ನು ಹಗುರ ಮಾಡುವ ಮಾತು ನನ್ನ ಬಾಯಿಂದ ಬರುವುದಿಲ್ಲ.

ಎರಡನೆಯ ಪ್ರಶ್ನೆ ಇಷ್ಟು ಸುಲಭವಾಗಿ ಬಿಡಲಿಲ್ಲ. ಒಂದು ಭಾನುವಾರ ಹರಿಹರಕ್ಕೆ ಹೋದೆ. ಇಲ್ಲಿಂದ 14 ಕಿಲೋಮೀಟರು. ಆದರೂ ವರ್ಷಗಟ್ಟಲೆ ಹೋಗಿರಲಿಲ್ಲ. ಗುಡಿ ಹೊಯ್ಸಳರ ಎರಡನೆಯ ನರಸಿಂಹನ ಕಾಲದ್ದು. ದಂಡನಾಥ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಒಳಗೆ ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಕಾಯುವವನು ಎಲ್ಲಿ ಮುಗಿದ, ಅಳಿಸುವವನು ಎಲ್ಲಿ ತೊಡಗಿದ ಎಂದು ಹುಡುಗನಾಗಿದ್ದಾಗ ಗೆರೆ ಹುಡುಕುತ್ತಿದ್ದೆ. ಆ ದಿನವೂ ನೋಡಿದೆ, ಸಿಕ್ಕಲಿಲ್ಲ. ಅಲ್ಲಿಂದ ಹೊಳೆಯ ದಂಡೆಗೆ ಬಂದರೆ, ತುಂಗಭದ್ರೆಯ ಆಚೆಗೆ, ಕುಮಾರಪಟ್ಟಣದ ಕಾರ್ಖಾನೆಯ ಹೊಗೆಕೊಳವಿ.

ಮರವನ್ನು ಅರೆದು ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತೆಗೆಯುವ ಹರಿಹರ ಪಾಲಿಫೈಬರ್ಸ್ ಅಲ್ಲಿ 1972ರಿಂದ ಇದೆ. ಅದಕ್ಕೆ ಬೇಕಾದ ಮರವೆಂದರೆ ಮುಖ್ಯವಾಗಿ ನೀಲಗಿರಿ. ಅದನ್ನು ಬೆಳೆಸಲೆಂದು ಸರ್ಕಾರವೂ ಕಂಪೆನಿಯೂ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿದವು; ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಸುಮಾರು 30,000 ಹೆಕ್ಟೇರು ಭೂಮಿಯನ್ನು ಅದಕ್ಕೆ ಕೊಡುವುದೆಂದಾಯಿತು. 1987ರ ನವೆಂಬರ್ 14ರಂದು, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಎಂದು ಆ ಸತ್ಯಾಗ್ರಹದ ಹೆಸರು. ಉತ್ತರದ ಕಡೆಯ ಕನ್ನಡದಲ್ಲಿ ಗಿಡವನ್ನೂ ಹಚ್ಚುತ್ತಾರೆ, ದೀಪವನ್ನೂ ಹಚ್ಚುತ್ತಾರೆ, ಎಂಥ ಮಾತು! ಹೋರಾಟ ಬಹುಕಾಲ ನಡೆದು 1991ರಲ್ಲಿ ಆ ಸಂಸ್ಥೆ ಮುಚ್ಚಿತು.

ಈ ಹಳೆಯ ಕಥೆಯನ್ನು ಯಾರನ್ನೋ ದೂರುವುದಕ್ಕಾಗಿ ತೆಗೆಯಲಿಲ್ಲ. ನನ್ನ ಅಂಗಿಯಲ್ಲೂ ಆ ನೂಲಿದ್ದೀತು. ನೀಲಗಿರಿಯನ್ನು ಬೆಳೆಸುವ ಬಗೆಯನ್ನು ನೋಡಿ. ನೆಟ್ಟಗೆ, ಬೇಗ, ದಪ್ಪನಾಗಿ ಬೆಳೆದ ಒಂದು ಮರವನ್ನು ಆರಿಸಿ, ಅದರ ಕಡ್ಡಿಗಳಿಂದ ಲಕ್ಷಗಟ್ಟಲೆ ಸಸಿ ಮಾಡುತ್ತಾರೆ. ಎಲ್ಲವೂ ಅದೇ ಮರ, ತದ್ರೂಪಿ. ಅಂದರೆ ಆ ಒಂದು ಮರ ಸಾಯುವುದೇ ಇಲ್ಲ. ನನ್ನ ಕರ್ಪೂರದ ಮರಕ್ಕೆ ನಾನು ಬಯಸಿದ ಅಮರತ್ವವೇ ಅದು. ಆ ಅಮರತ್ವ ಮೈಲುಗಟ್ಟಲೆ ಸಾಲಾಗಿ ನಿಂತಾಗ ಅದರ ಬುಡದಲ್ಲಿ ಬೇರೆ ಯಾವುದಕ್ಕೂ ಜಾಗವಿರುವುದಿಲ್ಲ. ಮರದ ಮೈತುಂಡಿನಿಂದ ಮರವನ್ನು ಉಳಿಸುವ ವಿದ್ಯೆ ಒಂದೇ. ಯಾವುದನ್ನು ಉಳಿಸಬೇಕು, ಯಾವುದು ಹೋದರೂ ಚಿಂತೆಯಿಲ್ಲ ಎಂಬುದನ್ನು ವಿದ್ಯೆ ಹೇಳುವುದಿಲ್ಲ. ಸಂತೆಯಲ್ಲಿ ಹೆಸರಿಲ್ಲದ ಮರದ ಕುಡಿಯನ್ನು ಯಾರು ತಾನೆ ಕೊಯ್ದು ಇಡುತ್ತಾರೆ?

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ರಾಮಪತ್ರೆಯ ಜಾತಿಯ ಮರಗಳು ಹರಿಯುವ ಕೆಸರುನೀರಿನಲ್ಲಿ ನಿಂತು, ಉಸಿರಿಗಾಗಿ ಬೇರುಗಳನ್ನು ಮೊಣಕಾಲಿನಂತೆ ನೀರಿನ ಮೇಲೆ ಎತ್ತಿರುತ್ತವೆ. ಅಲ್ಲಿ ಸಿಕ್ಕ ಗೇರಿನ ಬಳಗದ ಒಂದು ಮರವನ್ನು ವಿಜ್ಞಾನಿಗಳು 2000ದಲ್ಲಿ ಲೋಕಕ್ಕೆ ಪರಿಚಯಿಸಿ ಆ ಕಾಡಿನ ಹೆಸರನ್ನೇ ಇಟ್ಟರು. ಲೆಕ್ಕಕ್ಕೆ ಸಿಗುವಷ್ಟು ಮರಗಳು ಮಾತ್ರ ಉಳಿದಿವೆಯೆಂದು ಮೊದಲೇ ಗೊತ್ತಿದ್ದ ಪರಿಚಯ ಅದು. ಇಂಥ ಮರದ ಕುಡಿಯನ್ನು ಇಂದೇ ಶೀತಕ್ಕೆ ಹಾಕಬೇಕೆಂದು ಯಾರಾದರೂ ಹೇಳಿದರೆ ನಾನು ಕೈಮುಗಿಯುತ್ತೇನೆ. ಆದರೆ ಕೆಸರು? ವರ್ಷವಿಡೀ ಬತ್ತದ ಆ ಒರತೆ? ಅದನ್ನು ಯಾವ ಪಾತ್ರೆಯಲ್ಲಿಡುವುದು? ಅಡಕೆ ತೋಟಕ್ಕೆಂದು ಒರತೆಯನ್ನು ತಿರುಗಿಸಿಕೊಂಡ ಮೇಲೆ ಕುಡಿಯನ್ನು ಎಬ್ಬಿಸಿ ಎಲ್ಲಿ ನೆಡುವುದು?

ನನ್ನ ಭಯವೆಲ್ಲ ಇಲ್ಲಿದೆ. ಪಾತ್ರೆಯಲ್ಲಿ ಒಂದು ತುಣುಕು ಇದೆಯೆಂದು ಗೊತ್ತಾದ ಕ್ಷಣದಿಂದ ಕೊಡಲಿ ಹಿಡಿದ ಕೈ ಹಗುರವಾಗುತ್ತದೆ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ಕಸಿಯ ನಾಲ್ಕು ಕುಂಡ ಕೈಗೆ ಬಂದ ದಿನ, ಮರದ ಮೇಲಿನ ನನ್ನ ಸಂಕಟ ಅರ್ಧ ಇಳಿದಿತ್ತು. ಕಡಿಯುವ ದಿನ ನಾನು ಹರಿಹರಕ್ಕೆ ಹೋಗಲೂ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಶಿಷ್ಯನಿಗೆ ಅನ್ಯಾಯವಾದೀತು. ಕಾಪಿಡುವವರೆಲ್ಲ ನನ್ನಂಥ ಕಳ್ಳರಲ್ಲ. ರಷ್ಯದ ನಿಕೊಲಾಯ್ ವವಿಲೋವ್ ಲೋಕವನ್ನೆಲ್ಲ ಸುತ್ತಿ ಬೆಳೆಗಳ ಬೀಜಗಳನ್ನು ಲೆನಿನ್‌ಗ್ರಾಡಿನ ಸಂಸ್ಥೆಯೊಂದರಲ್ಲಿ ಕೂಡಿಟ್ಟಿದ್ದರು. 1941ರ ಸೆಪ್ಟೆಂಬರಿನಲ್ಲಿ ಜರ್ಮನರ ಸೇನೆ ಆ ನಗರವನ್ನು ಮುತ್ತಿತು. ಮುತ್ತಿಗೆ ಪೂರ್ತಿ ತೆರವಾದದ್ದು 1944ರ ಜನವರಿಯಲ್ಲಿ. ಜನ ಹಸಿವಿನಿಂದ ಬೀದಿಯಲ್ಲಿ ಬಿದ್ದು ಸಾಯುತ್ತಿದ್ದಾಗ ಆ ಸಂಸ್ಥೆಯಲ್ಲಿ ಭತ್ತ, ಗೋಧಿ, ಶೇಂಗಾ, ಆಲೂಗೆಡ್ಡೆ ಎಲ್ಲವೂ ಇತ್ತು. ಕಾಯುತ್ತಿದ್ದವರು ಮುಟ್ಟಲಿಲ್ಲ. ಭತ್ತದ ತಳಿಗಳನ್ನು ನೋಡಿಕೊಳ್ಳುತ್ತಿದ್ದ ಡಿಮಿತ್ರಿ ಇವಾನೋವ್ ಭತ್ತದ ಪೊಟ್ಟಣಗಳ ನಡುವೆಯೇ ಹಸಿದು ಸತ್ತರು. ಇನ್ನೂ ಹಲವರು ಹಾಗೆಯೇ ಸತ್ತರು. ವವಿಲೋವ್ ಅವರನ್ನು ಅವರ ಸರ್ಕಾರವೇ ಹಿಡಿದು ಸೆರೆಯಲ್ಲಿಟ್ಟಿತ್ತು. 1943ರ ಜನವರಿಯಲ್ಲಿ ಸರಾಟೊವ್ ಸೆರೆಮನೆಯಲ್ಲಿ ಅವರೂ ತೀರಿಕೊಂಡರು.

ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಕುಳಿತು ಈ ಭತ್ತದ ಕಥೆಯನ್ನು ನೆನೆದಾಗ ತಟ್ಟೆಯ ಮೇಲಿನ ಕೈ ಒಂದು ಗಳಿಗೆ ತಡೆಯುತ್ತದೆ. ಒಂದು ಹಿಡಿ ಬೀಜ ಒಬ್ಬ ಮನುಷ್ಯನ ಪ್ರಾಣಕ್ಕಿಂತ ಹೆಚ್ಚೆ? ನಾನಾಗಿದ್ದರೆ ತಿನ್ನುತ್ತಿದ್ದೆ, ನನ್ನ ಮಗುವಿಗಾದರೂ ತಿನ್ನಿಸುತ್ತಿದ್ದೆ, ಅದು ತಪ್ಪೆಂದು ನನಗನ್ನಿಸುವುದೂ ಇಲ್ಲ. ಆದರೆ ಅವರು ತಿನ್ನದೆ ಇದ್ದದ್ದನ್ನು ಹುಚ್ಚೆನ್ನಲೂ ಮನಸ್ಸು ಬರುವುದಿಲ್ಲ. ಅವರ ಪಾಲಿಗೆ ಆ ಪೊಟ್ಟಣಗಳು ಯಾರೋ ನಂಬಿ ಕೊಟ್ಟು ಹೋದ ಇಡುಗಂಟು. ಕೊಟ್ಟವರ ಹೆಸರು ಗೊತ್ತಿಲ್ಲ, ಪಡೆಯುವವರು ಇನ್ನೂ ಹುಟ್ಟಿಲ್ಲ. ಮುಂದೆ ಸ್ವಾಲ್ಬಾರ್ಡಿನ ಕಣಜದ ಬಾಗಿಲನ್ನು ಬೀಜ ಹಿಂತೆಗೆಯಲೆಂದು ಮೊದಲ ಸಲ ತೆರೆದದ್ದು 2015ರಲ್ಲಿ, ಸಿರಿಯದ ಯುದ್ಧದಿಂದಾಗಿ ಅಲೆಪ್ಪೊ ನಗರದ ಬಳಿಯ ಬೀಜಭಂಡಾರ ಕೈತಪ್ಪಿ ಹೋದಾಗ. ಠೇವಣಿಯಿಟ್ಟವರೇ ಬಂದು ಕೇಳಿದರು, ಸಿಕ್ಕಿತು. ಇಂಥದನ್ನು ಕೇಳಿದಾಗ ನನ್ನ ಭಯ ಸ್ವಲ್ಪ ನಾಚುತ್ತದೆ.

ಕೊನೆಗೆ ನನ್ನನ್ನು ನಿಲ್ಲಿಸಿದ್ದು ಇವುಗಳಲ್ಲಿ ಯಾವುದೂ ಅಲ್ಲ. ಶಿಷ್ಯ ದೂರವಾಣಿಯಲ್ಲಿ ಬಾಯ್ಮಾತಿಗೆ ಹೇಳಿದ ಒಂದು ಸಂಗತಿ. ದೀಪಾವಳಿಗೆ ಊರಿಗೆ ಬರುವೆಯಾ ಎಂದು ಕೇಳಿದ್ದೆ.

"ಈ ಸಲ ರಜೆ ಇಲ್ಲ ಸಾರ್. ಹಬ್ಬದ ದಿನ ಪಾತ್ರೆ ನೋಡಿಕೊಳ್ಳೋ ಸರದಿ ನಂದು."

"ಅದೇನು ನೋಡಿಕೊಳ್ಳುವುದು? ಅಲ್ಲಿ ಏನೂ ನಡೆಯುವುದೇ ಇಲ್ಲ ಎಂದಿದ್ದೆಯಲ್ಲ?"

"ಒಳಗೆ ಏನೂ ನಡೆಯೋದಿಲ್ಲ. ಆದರೆ ಸಾರಜನಕ ಆರ್ತಾ ಇರುತ್ತೆ ಸಾರ್. ಎಷ್ಟು ಭದ್ರವಾದ ಪಾತ್ರೆಯಾದರೂ ದಿನಾ ಇಷ್ಟಿಷ್ಟು ಹೋಗ್ತಾನೇ ಇರುತ್ತೆ. ಮಟ್ಟ ನೋಡಿ ಆಗಾಗ ಹುಯ್ತಾ ಇರಬೇಕು. ಮರೆತರೆ ಮುಗೀತು, ಎಲ್ಲ ಒಟ್ಟಿಗೆ."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾಲವನ್ನೇ ನಿಲ್ಲಿಸುವ ಪಾತ್ರೆಗೂ ಒಬ್ಬ ನೀರು ಹಾಕುವವನು ಬೇಕು! ಅವನು ಬಸ್ಸಿನ ಗಡಿಬಿಡಿಯಲ್ಲಿ ಮರೆಯಬಾರದು. ಪಕ್ಕದವರಿಗೆ ಹೇಳಿ ಹೋಗಬೇಕು. ಅವನಾದ ಮೇಲೆ ಇನ್ನೊಬ್ಬ, ಅವನಾದ ಮೇಲೆ ಮತ್ತೊಬ್ಬ. ನನ್ನ ಕುಡಿಯನ್ನು ಅಲ್ಲಿಟ್ಟಿದ್ದರೆ ನಾನು ಮರೆತ ಚೊಂಬು ನೀರನ್ನು ಇನ್ನಾರೋ ಒಬ್ಬ ಹುಡುಗ, ತನ್ನ ಹಬ್ಬ ಬಿಟ್ಟು, ವರ್ಷ ವರ್ಷವೂ ಹುಯ್ಯುತ್ತಿರಬೇಕಾಗಿತ್ತು. ನಾನು ನಿರಪರಾಧಿಯಾಗುತ್ತಿರಲಿಲ್ಲ, ನನ್ನ ಕೆಲಸ ಇನ್ನೊಬ್ಬನ ತಲೆಗೆ ಹೋಗುತ್ತಿತ್ತು, ಅಷ್ಟೆ. ಇದು ತಿಳಿದ ಮೇಲೆ ಆ ಪಾತ್ರೆಯ ಮೇಲೆ ನನಗೆ ಮೊದಲಿದ್ದ ಆಸೆಯೂ ಹೋಯಿತು, ಭಯವೂ ಬಹುಪಾಲು ಹೋಯಿತು. ಅದು ನಮ್ಮ ಮನೆಯ ಕುಂಡದಂಥದೇ ಒಂದು ಕುಂಡ. ಅದನ್ನು ನೋಡಿಕೊಳ್ಳುವವನು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದವನು.

ಒಂದು ಮಾತು ಹೇಳಲು ಮರೆತಿದ್ದೆ. ಆ ಭಾನುವಾರ ಹರಿಹರದಲ್ಲಿ ನಮ್ಮ ಹಳೆಯ ಮನೆಯ ಜಾಗವನ್ನು ದೂರದಿಂದ ನೋಡಿ ಹಿಂದಿರುಗುತ್ತಿದ್ದಾಗ, ಎದುರು ಓಣಿಯ ಮುದುಕಿಯೊಬ್ಬಳು ಗುರುತು ಹಿಡಿದು ಕರೆದಳು. ಅವಳ ಹಿತ್ತಲಿನಲ್ಲಿ ಒಂದು ಮಾವಿನ ಮರವಿದೆ. ನಮ್ಮ ಅಜ್ಜಿ ಕೊಟ್ಟ ಹಣ್ಣಿನ ಗೊರಟೆಯದಂತೆ. ಹಣ್ಣು ಹೆಚ್ಚಿ ಕೊಟ್ಟಳು. ಮೂಗಿನ ಹತ್ತಿರ ಹಿಡಿದು ನೋಡಿದೆ. ಕರ್ಪೂರವಿಲ್ಲ. ನಾರು ಮಾತ್ರ ಹಾಗೆಯೇ ಇದೆ, ತೊಟ್ಟಿನ ಬಳಿಯ ಹುಳಿಯೂ ಹಾಗೆಯೇ ಇದೆ. "ಕುಡಿ ಬೇಕಾದ್ರ ಮಳಿ ಹಿಡದ ಮ್ಯಾಲ ಬಾರಪಾ, ಕೊಯ್ಕೊಂಡು ಹೋಗು" ಎಂದಳು. ಮಳೆ ಹಿಡಿದ ಮೇಲೆ ಹೋದೆ. ಈ ಸಲ ಎರಡು ಹಿಡಿದಿವೆ. ಮುಂದಿನ ವಾರ ಮೌಲ್ಯಮಾಪನಕ್ಕೆ ಹೊರಡಬೇಕು. ಪಕ್ಕದ ಮನೆಯ ಹುಡುಗಿಗೆ ಇಂದು ಬೆಳಗ್ಗೆಯೇ ಚೊಂಬು ಕೊಟ್ಟು, ಕುಂಡವನ್ನು ತೋರಿಸಿ ಬಂದಿದ್ದೇನೆ.